ತೆಗೆದು ಹಾಕಿದ ದಿಂಬು

ಇಷ್ಟೆಲ್ಲ ರಾದ್ಧಾಂತಕ್ಕೆ ಒಂದು ದಿಂಬು ಕಾರಣ ಎಂದು ಬೀದಿಯವರು ಇವತ್ತಿಗೂ ಹೇಳುತ್ತಾರೆ. ದಿಂಬಿನದು ಏನೂ ತಪ್ಪಿಲ್ಲ. ಯಾರು ತಲೆ ಇಟ್ಟರೂ ತುಟಿಪಿಟಕ್ಕೆನ್ನದೆ ಬಿದ್ದಿರುವ ಬಡಪಾಯಿ ಅದು. ನನ್ನನ್ನು ಕೇಳಿದರೆ ಕಾರಣ 'ಹಾಕಿ' ಎಂಬ ಎರಡಕ್ಷರದ ಮಾತು.

ಅಂದು ರಜೆ. ಬೆಳಗಿನ ಬಿಸಿಲು ಆಗಲೇ ಅಡುಗೆಮನೆಯ ಕಿಟಕಿಯಿಂದ ಇಳಿದು ನೆಲದ ಮೇಲೆ ಕಾಲು ಚಾಚಿ ಕೂತಿತ್ತು. ಹೆಂಡತಿ ಅಕ್ಕನ ಮನೆಗೆ ಹೊರಟಿದ್ದಳು. ಬಾಗಿಲಲ್ಲಿ ನಿಂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತ ಗಂಡನಿಗೆ ದಿನದ ಕೆಲಸ ಹೇಳಿದಳು.

"ನೋಡಿ, ಬಿಸಿಲು ಚೆನ್ನಾಗಿದೆ. ಬಟ್ಟೆ ಒಗೆದು ಹಾಕಿ. ಗಿಡಕ್ಕೆ ನೀರು ಹಾಕಿ. ಹಾಲು ಕಾಯಿಸಿ ಹೆಪ್ಪು ಹಾಕಿ. ಆ ನಿಮ್ಮ ದಿಂಬು ತೆಗೆದು ಹಾಕಿ. ಆಮೇಲೆ ಬಾಗಿಲು ಹಾಕಿ ಎಷ್ಟು ಬೇಕಾದ್ರೂ ಬಿದ್ಕೊಳ್ಳಿ, ನಾನೇನೂ ಕೇಳಲ್ಲ."

"ಹೂಂ" ಎಂದ ಗಂಡ. ಅವನ ಒಂದು ಕಣ್ಣು ಎದ್ದಿತ್ತು, ಇನ್ನೊಂದು ಇನ್ನೂ ಹಾಸಿಗೆಯಲ್ಲೇ ಇತ್ತು. ಹೇಳಿದ ಐದು 'ಹಾಕಿ'ಗಳಲ್ಲಿ ನಾಲ್ಕು ಸರಿಯಾಗಿ ತಲೆಗೆ ಹೋದವು. ಗಂಡಸರ ಲೆಕ್ಕದಲ್ಲಿ ಇದೇನೂ ಕಡಿಮೆ ಅಂಕವಲ್ಲ.

ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಜೋಂಪಣ್ಣ ಎಂದು. ಗ್ರಂಥಾಲಯದಲ್ಲಿ ಕೆಲಸ. ಬೇಸಿಗೆಯ ಮಧ್ಯಾಹ್ನ ಅಲ್ಲಿಗೆ ಓದಲು ಬಂದವರೆಲ್ಲ ಫ್ಯಾನಿನ ಕೆಳಗೆ ಕೂತು, ಪತ್ರಿಕೆಯನ್ನು ಮುಖಕ್ಕೆ ಮುಚ್ಚಿಕೊಂಡು ಗೊರಕೆ ಹೊಡೆಯುತ್ತಿದ್ದರು. ಸಂಬಳ ತೆಗೆದುಕೊಳ್ಳುತ್ತಾನೆಂಬ ಒಂದೇ ತಪ್ಪಿಗೆ ಇವನೊಬ್ಬ ಕಣ್ಣು ಬಿಟ್ಟುಕೊಂಡು ಅವರನ್ನು ಕಾಯಬೇಕಿತ್ತು. ಹಾಗಾಗಿ ರಜೆಯ ದಿನದ ಮಧ್ಯಾಹ್ನದ ನಿದ್ದೆ ಎಂದರೆ ಅವನಿಗೆ ಜೀವ. ಆ ನಿದ್ದೆ ಬರಬೇಕಾದರೆ ಆ ದಿಂಬೇ ಬೇಕು.

ಅದು ಮದುವೆಗೆ ಮುಂಚಿನ ದಿಂಬು. ಒಳಗಿನ ಹತ್ತಿ ಗಂಟು ಗಂಟಾಗಿ, ನಡುವೆ ಅವನ ತಲೆಯ ಅಳತೆಗೇ ಒಂದು ಗುಂಡಿ ಬಿದ್ದಿತ್ತು. ತಲೆ ಇಟ್ಟರೆ ಮೊಟ್ಟೆ ಗೂಡಿನಲ್ಲಿ ಕೂತ ಹಾಗೆ ಕೂರುತ್ತಿತ್ತು. ಎಣ್ಣೆ, ಬೆವರು, ಎಷ್ಟೋ ಬೇಸಿಗೆಗಳ ಕನಸು ಎಲ್ಲ ಸೇರಿ ಅದಕ್ಕೊಂದು ವಾಸನೆಯೂ ಬಂದಿತ್ತು. ಜೋಂಪಣ್ಣನಿಗೆ ಅದು ಪರಿಮಳ. ಹೆಂಡತಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. "ಇದು ದಿಂಬಲ್ಲ, ನನ್ನ ಸವತಿ" ಎನ್ನುತ್ತಿದ್ದಳು.

ಅಂಥವಳು ಇವತ್ತು ತಾನಾಗಿ 'ದಿಂಬು ತೆಗೆದು ಹಾಕಿ' ಎಂದಿದ್ದಾಳೆ! ಬಿಸಿಲು ಚೆನ್ನಾಗಿದೆ ಎಂದು ಬೇರೆ ಹೇಳಿದ್ದಾಳೆ. ಅಂದರೆ ದಿಂಬನ್ನು ಬಿಸಿಲಿಗೆ ಹಾಕಿ ಎಂದೇ ತಾನೆ? ಜೋಂಪಣ್ಣ ದಿಂಬನ್ನೊಮ್ಮೆ ತಟ್ಟಿದ. 'ಕೊನೆಗೂ ಒಪ್ಪಿಕೊಂಡಳಲ್ಲ. ಬಾಯಿ ಜೋರು, ಮನಸ್ಸು ಮಾತ್ರ ಬೆಣ್ಣೆ' ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಅವಳ ಮೇಲಿನ ಪ್ರೀತಿಯಿಂದಲೇ ಬಕೆಟ್ಟಿಗೆ ನೀರು ಬಿಟ್ಟ.

ಬಟ್ಟೆ ಒಗೆದ. ಸೋಪಿನ ನೊರೆಯಲ್ಲಿ ಕಾಮನಬಿಲ್ಲಿನ ಬಣ್ಣದ ಗುಳ್ಳೆಗಳು ಎದ್ದು, ಸ್ವಲ್ಪ ಹೊತ್ತು ತೇಲಿ, ಯಾರಿಗೂ ಹೇಳದೆ ಒಡೆದುಹೋಗುತ್ತಿದ್ದವು. ಒಂದೊಂದನ್ನೂ ಒಡೆಯುವವರೆಗೆ ನೋಡಿಯೇ ಅವನು ಮುಂದಿನ ಬಟ್ಟೆಗೆ ಕೈ ಹಾಕಿದ್ದು. ಗಿಡಗಳಿಗೆ ನೀರು ಹಾಕಿದ. ಒಣಗಿದ ಮಣ್ಣು ಸುಯ್ಯೆಂದು ನೀರು ಕುಡಿಯುವ ಸದ್ದು ಕೇಳುತ್ತ ಅಲ್ಲೇ ಒಂದು ಸಣ್ಣ ಜೋಂಪು ಹತ್ತಿತು. ಬೀದಿಯ ತುದಿಯಲ್ಲಿ ಬೂರುಗದ ಮರದ ಒಣಕಾಯಿಗಳು ಬಿಸಿಲಿಗೆ ಟಪ್, ಟಪ್ ಎಂದು ಬಿರಿಯುತ್ತಿದ್ದವು. ಆ ಸದ್ದಿಗೂ ತೂಕಡಿಸಬಹುದು ಎಂದು ಅವನಿಗೆ ಗೊತ್ತಾದದ್ದು ಒಳಗೆ ಹಾಲು ಉಕ್ಕಿ ಒಲೆ ಆರಿದ ವಾಸನೆ ಬಂದಾಗ. ಉಳಿದ ಹಾಲಿಗೆ ಹೆಪ್ಪು ಹಾಕಿ, ಒಲೆ ಒರೆಸಿ, ದಿಂಬನ್ನು ಮಗುವಿನಂತೆ ಎತ್ತಿಕೊಂಡು ಮಹಡಿ ಮೇಲೆ ಹೋದ.

ಪಕ್ಕದ ಮಹಡಿಯಲ್ಲಿ ವ್ಯಾಕರಣದ ಮೇಷ್ಟ್ರು ಕೊಡೆ ಬಿಡಿಸಿಕೊಂಡು, ಗೆದ್ದಲು ಹತ್ತಿದ ಪುಸ್ತಕಗಳನ್ನು ಬಿಸಿಲಿಗೆ ಹರಡಿ ಕಾಯುತ್ತಿದ್ದರು. ನಿವೃತ್ತರಾದರೂ ಪಾಠ ಮಾಡುವ ಚಟ ಬಿಟ್ಟಿರಲಿಲ್ಲ. ಸಿಕ್ಕಿದವರೆಲ್ಲ ವಿದ್ಯಾರ್ಥಿಗಳೇ.

"ಏನಯ್ಯ ಅದು ಕೈಯಲ್ಲಿ?"

"ದಿಂಬು ಮೇಷ್ಟ್ರೇ. ತೆಗೆದು ಹಾಕಿ ಅಂತ ಮನೆಯವಳು ಹೇಳಿ ಹೋದ್ಲು. ಅದಕ್ಕೇ ಬಿಸಿಲಿಗೆ ತಂದೆ."

"ಸರಿ. ತೆಗೆದಿದ್ದೀಯಾ?"

"ಹೂಂ. ಮಂಚದ ಮೇಲಿಂದ ತೆಗೆದೆ, ಇಲ್ಲಿ ಹಾಕ್ತಿದ್ದೀನಿ."

ಮೇಷ್ಟ್ರು ಕೊಡೆ ಮಡಿಚಿದರು. ಅವರು ಕೊಡೆ ಮಡಿಚಿದರೆ ಪಾಠ ಶುರುವಾಯಿತೆಂದೇ ಅರ್ಥ. "ಅದು ತಂದದ್ದಾಯ್ತು, ತೆಗೆದದ್ದು ಹೇಗಾಯ್ತು? ಬಾಗಿಲು ತೆಗಿ ಅಂದ್ರೆ ಬಾಗಿಲನ್ನ ಕಿತ್ತು ಹೊತ್ತುಕೊಂಡು ಮಹಡಿಗೆ ಬರ್ತೀಯಾ?"

"ಛೆ, ಇಲ್ಲ."

"ಕಣ್ಣು ತೆಗಿ ಅಂದ್ರೆ ಕಣ್ಣು ಕಿತ್ತು ಕೈಗೆ ಕೊಡ್ತೀಯಾ?"

"ಅಯ್ಯಯ್ಯೋ!"

"ಹಾಗೇ ಇದೂ. ಬಾಗಿಲು ತೆಗಿ, ಕಣ್ಣು ತೆಗಿ, ಬಾಯಿ ತೆಗಿ, ದಿಂಬು ತೆಗಿ. ಅಂದ್ರೆ ಬಿಚ್ಚು. ತೆಗೆದು ಹಾಕು ಅಂದ್ರೆ ಬಿಚ್ಚಿ, ಒಳಗಿನ ಹತ್ತಿ ಹರಡು. ನಿನ್ನ ಹೆಂಡತಿ ಭಾಷೆ ತಿಳಿದವಳು ಕಣಯ್ಯ."

ಎದುರು ಮನೆಯ ಬಾಲ್ಕನಿಯಿಂದ ಚಿಕ್ಕಮ್ಮ ಬಾಯಿ ಹಾಕಿದರು. ಆಕೆ ಯಾರಿಗೂ ಚಿಕ್ಕಮ್ಮನಾಗಿರಲಿಲ್ಲ. ಆದರೆ ಬೀದಿಯ ಎಲ್ಲ ಮನೆಯ ವಿಷಯದಲ್ಲೂ ಸ್ವಂತ ಚಿಕ್ಕಮ್ಮನಿಗಿಂತ ಹೆಚ್ಚಿನ ಅಧಿಕಾರ ನಡೆಸುತ್ತಿದ್ದರು.

"ಮೇಷ್ಟ್ರು ಹೇಳೋದು ಸರಿಯಾಗಿದೆ ಕಣಪ್ಪ. ಮೇಲೆ ಬಿಸಿಲು ಬಿದ್ರೆ ಒಳಗೆ ಒಣಗುತ್ತಾ? ಬಿಚ್ಚಿ, ಚೆನ್ನಾಗಿ ಹಿಂಜಿ ಹಾಕು. ಹೂವಿನ ಹಾಗಾಗುತ್ತೆ."

ಇಬ್ಬರು ದೊಡ್ಡವರು ಒಂದೇ ಮಾತು ಹೇಳಿದ ಮೇಲೆ ಜೋಂಪಣ್ಣನದೇನು ನಡೆದೀತು? ಬ್ಲೇಡು ತಂದು ಹೊಲಿಗೆ ಬಿಚ್ಚಿದ. ಒಂದು ಹಳೇ ದುಪ್ಪಟಿ ಹಾಸಿ, ನೀರಿನ ಟ್ಯಾಂಕಿನ ಪಕ್ಕ ಹತ್ತಿಯನ್ನೆಲ್ಲ ಸುರಿದು, ಗಂಟುಗಳನ್ನು ಬೆರಳಲ್ಲಿ ಹಿಂಜುತ್ತ ಕೂತ. ಹಿಂಜಿದಷ್ಟೂ ಅದು ಉಬ್ಬಿತು, ಹಗುರಾಯಿತು, ಬೆಳ್ಳಗಾಯಿತು. ಆ ಹೊತ್ತಿಗೆ ಮೇಷ್ಟ್ರು ಊಟಕ್ಕೆ ಇಳಿದಿದ್ದರು. ಚಿಕ್ಕಮ್ಮನ ಬಾಲ್ಕನಿಯೂ ಖಾಲಿ. ಬಿಸಿಲಿಗೆ ಬೀದಿಯೆಲ್ಲ ನಿಶ್ಶಬ್ದ. ತಂತಿಯ ಮೇಲಿನ ಬಟ್ಟೆಗಳು ಒಮ್ಮೆ ಉಸಿರು ಎಳೆದುಕೊಂಡು ಒಮ್ಮೆ ಬಿಡುತ್ತಿದ್ದವು. ಟ್ಯಾಂಕಿನ ನೆರಳು ತಂಪಾಗಿ ಅವನ ಕಾಲಿನವರೆಗೆ ಬಂದು 'ಬಾರಪ್ಪ' ಎಂದು ಕರೆದ ಹಾಗಾಯಿತು.

ಎರಡು ನಿಮಿಷ ಮಾತ್ರ ಎಂದುಕೊಂಡು ಜೋಂಪಣ್ಣ ಟ್ಯಾಂಕಿನ ನೆರಳಿಗೆ ಒರಗಿ, ದಿಂಬಿನ ಖಾಲಿ ಚೀಲವನ್ನು ಮುಖದ ಮೇಲೆ ಹಾಕಿಕೊಂಡ. ವಾಸನೆ ಹಾಗೇ ಇತ್ತು. ಒಂದು ಕನಸು ಬಿತ್ತು. ಗ್ರಂಥಾಲಯದ ಕಪಾಟುಗಳ ತುಂಬ ಪುಸ್ತಕದ ಬದಲು ದಿಂಬುಗಳು. ಓದುಗರು ಸಾಲಾಗಿ ಬಂದು ದಿಂಬು ತೆಗೆದುಕೊಂಡು ಹೋಗುತ್ತಿದ್ದಾರೆ, ಗಲಾಟೆ ಮಾಡಬೇಡಿ ಎಂದು ಇವನಿಗೇ ಹೇಳುತ್ತಿದ್ದಾರೆ. ಮೇಲೆ ಛಾವಣಿಯಿಲ್ಲ. ಬಿಳೀ ಮೋಡಗಳು ಒಂದೊಂದಾಗಿ ಒಳಗೆ ಇಳಿದು ಬರುತ್ತಿವೆ.

ಒಂದು ಮೋಡ ಮೂಗಿನ ಮೇಲೆ ಕೂತಿತು. ಜೋಂಪಣ್ಣ ಸೀನಿ ಎದ್ದ.

ಗಾಳಿ ಎದ್ದಿತ್ತು. ಕಣ್ಣು ಬಿಟ್ಟು ನೋಡಿದರೆ ಆಕಾಶದ ತುಂಬ ಹತ್ತಿ! ತೇಲುತ್ತ, ತಿರುಗುತ್ತ, ಯಾವ ಅವಸರವೂ ಇಲ್ಲದೆ ಬೀದಿಯ ಉದ್ದಕ್ಕೂ ಹೋಗುತ್ತಿತ್ತು. ಪಕ್ಕದಲ್ಲಿ ಕೈಯಾಡಿಸಿದ. ಹತ್ತಿಯೂ ಇಲ್ಲ, ಹಾಸಿದ ದುಪ್ಪಟಿಯೂ ಇಲ್ಲ.

"ಅಯ್ಯೋ ನನ್ನ ದಿಂಬು!" ಎಂದು ಕೂಗಿಕೊಂಡು, ಬರಿಗಾಲಲ್ಲೇ ಮೆಟ್ಟಿಲು ಧಡಧಡ ಇಳಿದ.

ಕೆಳಗೆ ಇಸ್ತ್ರಿಯವನು ತನ್ನ ಅಂಗಡಿಯ ಮುಂದೆ ತಲೆ ಮೇಲೆ ಕೈ ಹೊತ್ತು ನಿಂತಿದ್ದ. "ಅಣ್ಣಾ, ಇದೇನು ನಿಂದಾ? ಲಾಯರ್ ಸಾಹೇಬ್ರ ಕರಿ ಕೋಟು ನೋಡು, ಮುದಿ ಕುರಿ ಥರ ಆಗಿದೆ!"

"ನಂದೇ ಕಣೋ, ನನ್ನ ದಿಂಬು! ಹಾರಿ ಹೋಗ್ತಿದೆ, ಹಿಡಿಯೋ!"

ಅಷ್ಟು ಸಾಕಾಯಿತು ಚಿಕ್ಕಮ್ಮನಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗಿಳಿದರು. "ನೋಡ್ತಾ ನಿಂತ್ರೆ ಆಗುತ್ತಾ? ಪಾಪ, ಅವನಿಗೆ ಅದಿಲ್ದೆ ಕಣ್ಣು ಮುಚ್ಚಲ್ಲ! ಮೇಷ್ಟ್ರೇ, ಕೊಡೆ ತಿರುವಿ ಹಿಡೀರಿ. ಏ ಇಸ್ತ್ರಿ, ನಮ್ಮನೆ ಸೊಳ್ಳೆ ಪರದೆ ತಗೊಂಡು ಬಾ, ಈ ಕಂಬದಿಂದ ಆ ಕಂಬಕ್ಕೆ ಕಟ್ಟು."

ಆಮೇಲೆ ಆ ಬೀದಿಯಲ್ಲಿ ನಡೆದದ್ದನ್ನು ದೂರದಿಂದ ನೋಡಿದವರು ಇಡೀ ಬೀದಿಗೇ ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು. ಮೇಷ್ಟ್ರು ತಲೆಕೆಳಗಾದ ಕೊಡೆ ಹಿಡಿದು ನಿಧಾನ ಸುತ್ತುತ್ತಿದ್ದರು. ಚಿಕ್ಕಮ್ಮ ಹಿಟ್ಟಿನ ಜರಡಿಯಲ್ಲಿ ಗಾಳಿಯನ್ನೇ ಜರಡಿ ಹಿಡಿದರು. ಇಸ್ತ್ರಿಯವನು ಪರದೆಗೆ ಬಿದ್ದ ಹತ್ತಿಯನ್ನು ಬಾಚಿ ಬಾಚಿ ಬಕೆಟ್ಟಿಗೆ ತುಂಬುತ್ತಿದ್ದ. ಜೋಂಪಣ್ಣ ಒಂದು ಎಳೆಯ ಹಿಂದೆ ಬಿದ್ದು, ಅದು ಮೇಲಕ್ಕೇರಿದರೆ ಎಗರಿ, ಕೆಳಕ್ಕಿಳಿದರೆ ಕುಕ್ಕರಿಸಿ, ಕೊನೆಗೆ ಚರಂಡಿಯಲ್ಲಿ ಒಂದು ಕಾಲಿಟ್ಟ.

ಹಿಡಿದಷ್ಟೂ ಬರುತ್ತಲೇ ಇತ್ತು.

"ಒಂದು ದಿಂಬಲ್ಲಿ ಇಷ್ಟೊಂದು ಇತ್ತಾ ಅಣ್ಣಾ?" ಎಂದ ಇಸ್ತ್ರಿಯವನು.

"ಹಿಂಜಿದ ಹತ್ತಿ ಹಿಗ್ಗುತ್ತೆ ಕಣಯ್ಯ" ಎಂದರು ಮೇಷ್ಟ್ರು, ಅದೂ ವ್ಯಾಕರಣದಲ್ಲೇ ಬರುತ್ತದೆಂಬ ಹಾಗೆ.

"ನಡುನಡುವೆ ಕರೀ ಬೀಜ ಬೇರೆ ಇದೆಯಲ್ಲ?"

"ಎಷ್ಟು ವರ್ಷ ತಲೆ ಇಟ್ಟಿದ್ದಾನೆ. ತಲೆಯಿಂದ ಏನಾದ್ರೂ ಇಳಿದಿರುತ್ತೆ" ಎಂದು ಚಿಕ್ಕಮ್ಮ ತೀರ್ಪು ಕೊಟ್ಟರು.

ಬಕೆಟ್ಟು ತುಂಬಿ, ಕೊಡೆ ತುಂಬಿದ ಮೇಲೆ ಹೊಲಿಗೆಯ ಪ್ರಶ್ನೆ ಬಂತು. ಜೋಂಪಣ್ಣನ ಮನೆಯ ಮಹಡಿ ಮೇಲೆಯೇ ಒಂದು ಕೋಣೆಯಲ್ಲಿ ಟೈಲರಮ್ಮನ ವಾಸ. ಆಕೆ ಇದ್ದಿದ್ದರೆ ಮಷೀನಿನಲ್ಲಿ ಟರ್ರೆಂದು ಹೊಲಿದು ಕೊಡುತ್ತಿದ್ದಳು. ಆದರೆ ಕೋಣೆಗೆ ಬೀಗ. "ಹೊಲಿದ ಬಟ್ಟೆ ಕೊಡೋಕೆ ಅಂತ ಮಧ್ಯಾಹ್ನವೇ ಹೋದ್ಲಲ್ಲ" ಎಂದರು ಚಿಕ್ಕಮ್ಮ. ಆಕೆಗೆ ಗೊತ್ತಿಲ್ಲದೆ ಆ ಬೀದಿಯಲ್ಲಿ ಯಾರೂ ಹೊಸಿಲು ದಾಟುತ್ತಿರಲಿಲ್ಲ. ಜೋಂಪಣ್ಣನೇ ಕೂತು ಹೊಲಿದ. ಸೂಜಿ ದಿಂಬಿಗೆ ಒಂದು ಸಲ ಚುಚ್ಚಿದರೆ ಬೆರಳಿಗೆ ಎರಡು ಸಲ ಚುಚ್ಚಿತು. ಸಂಜೆಯ ಹೊತ್ತಿಗೆ ದಿಂಬು ಸಿದ್ಧವಾಗಿ ಮಂಚದ ಮೇಲೆ ಕೂತಿತ್ತು. ಮಲಗಿತ್ತು ಎನ್ನುವಂತಿರಲಿಲ್ಲ, ಅಷ್ಟು ಉಬ್ಬಿತ್ತು.

ಹೆಂಡತಿ ಬಂದಳು. ಕೈಯಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಕವರು, ಅದರೊಳಗೆ ಹೊಚ್ಚ ಹೊಸ ದಿಂಬು. ಅಂಗಳದಲ್ಲಿ ಮೇಷ್ಟ್ರು, ಚಿಕ್ಕಮ್ಮ, ಇಸ್ತ್ರಿಯವನು ಸಾಲಾಗಿ ನಿಂತಿದ್ದರು, ತಲೆ ಹುಬ್ಬುಗಳೆಲ್ಲ ಬೆಳ್ಳಗೆ. ಅವಳು ಅವರನ್ನು ಒಮ್ಮೆ ನೋಡಿ ಒಳಗೆ ಬಂದು ಮಂಚದ ಮುಂದೆ ನಿಂತಳು.

"ಇದೇನ್ರೀ ಇದು? ತೆಗೆದು ಹಾಕಿ ಅಂದಿದ್ದೆನಲ್ಲ!"

"ತೆಗೆದೆ. ಹಾಕಿದೆ."

"ಎಲ್ಲಿ ಹಾಕಿದ್ರಿ? ಮಂಚದ ಮೇಲೇ ಇದೆ ಇನ್ನೂ!"

"ಬಿಸಿಲಿಗೆ ಹಾಕಿದ್ದೆ ಕಣೇ."

"ಬಿಸಿಲಿಗೆ ಅಂತ ಯಾರು ಹೇಳಿದ್ರು? ತೆಗೆದು ಹಾಕಿ ಅಂದ್ರೆ ಎಸೆದು ಬಿಡಿ ಅಂತ! ಕಸಕ್ಕೆ!"

ಹೊರಗಿನಿಂದ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಆ ಅರ್ಥವೂ ಇದೆ ಅನ್ನು" ಎಂದರು. ಅವಳು ತಿರುಗಿ ನೋಡಿದ ನೋಟಕ್ಕೆ ಮಿಕ್ಕ ಪಾಠವನ್ನು ನುಂಗಿಕೊಂಡರು.

ಜೋಂಪಣ್ಣನಿಗೆ ನಿಜಕ್ಕೂ ದುಃಖವಾಯಿತು. ಬೆಳಗಿನಿಂದ ಅವಳ ಒಳ್ಳೆಯತನ ನೆನೆದು ಒಗೆದ ಬಟ್ಟೆಗಳೆಲ್ಲ ಅವನ ಕಣ್ಣ ಮುಂದೆ ಬಂದವು. ಸೂಜಿ ಚುಚ್ಚಿದ ಬೆರಳುಗಳನ್ನು ಮುಂದೆ ಹಿಡಿದ. ಮಾತಿನ ಭಾಗವನ್ನು ಚಿಕ್ಕಮ್ಮ ವಹಿಸಿಕೊಂಡರು. "ನೋಡೇ ತಾಯಿ, ಆ ದಿಂಬಿಗೋಸ್ಕರ ಇಡೀ ಬೀದಿ ಓಡಿದ್ದಾನೆ. ಚರಂಡಿಗೆ ಬಿದ್ದಿದ್ದಾನೆ. ನನ್ನ ಸೊಳ್ಳೆ ಪರದೆ ಹರಿದಿದೆ. ಕಸಕ್ಕೆ ಹಾಕು ಅಂತೀಯಲ್ಲ, ನಿನಗೆ ಮನಸ್ಸಾದ್ರೂ ಹೇಗೆ ಬಂತು?"

ಹೆಂಡತಿ ಗಂಡನ ಬೆರಳು ನೋಡಿದಳು, ವಕ್ರವಕ್ರ ಹೊಲಿಗೆ ನೋಡಿದಳು. ಅವಳ ಮುಖ ಮೆತ್ತಗಾಯಿತು. "ಅಷ್ಟೊಂದು ಬೇಕಾ ಅದು ನಿಮಗೆ?"

"ಬೇಕು. ಅದಿಲ್ದೆ ನನಗೆ ನಿದ್ದೆನೇ ಬರಲ್ಲ."

"ಸರಿ ಬಿಡಿ, ಇಟ್ಕೊಳ್ಳಿ. ಇನ್ಮೇಲೆ ಅದರ ತಂಟೆಗೇ ಬರಲ್ಲ." ಹೊಸ ದಿಂಬನ್ನು ಹೊರಗೆ ತಂದಳು. "ಮೇಷ್ಟ್ರೇ, ಇದನ್ನ ನೀವು ತಗೊಂಡು ಹೋಗಿ. ಇವರಿಗೆ ಬೇಡವಂತೆ."

ಮೇಷ್ಟ್ರು ಜೀವನದಲ್ಲಿ ಮೊದಲ ಬಾರಿ ಒಂದು ಮಾತನ್ನೂ ವಿಶ್ಲೇಷಿಸದೆ ಒಪ್ಪಿಕೊಂಡರು.

ಗೆದ್ದ ಜೋಂಪಣ್ಣ ಮಂಚ ಹತ್ತಿ ದಿಂಬಿಗೆ ತಲೆ ಇಟ್ಟ. ತಲೆ ಮೇಲಕ್ಕೆ ಹೋಯಿತು, ಗದ್ದ ಎದೆಗೆ ತಾಗಿತು. ಗುಂಡಿಗಾಗಿ ತಲೆಯನ್ನು ಆಚೆ ಈಚೆ ಹೊರಳಿಸಿ ಹುಡುಕಿದ. ಎಲ್ಲಿಯೂ ಇಲ್ಲ. ಬದಲಿಗೆ ಕಿವಿಯ ಹತ್ತಿರ ಬೀಜವೊಂದು ಕಟಕಟ ಎಂದಿತು. ಮೂರು ಸಲ ಸೀನಿದ. ಹೊಸದರಲ್ಲಿ ಹೀಗೇ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

ಟೈಲರಮ್ಮ ನಿಂತಿದ್ದಳು. ಕೈಯಲ್ಲಿ ದುಪ್ಪಟಿಯ ಒಂದು ದೊಡ್ಡ ಗಂಟು.

"ಅಣ್ಣಾ, ನಿಮ್ಮ ಹತ್ತಿ ತಗೊಳ್ಳಿ. ಮಧ್ಯಾಹ್ನ ಹೊರಡೋವಾಗ ನೋಡ್ತೀನಿ, ಗಾಳಿ ಶುರುವಾಗ್ತಿದೆ, ನೀವು ನೋಡಿದ್ರೆ ಗೊರಕೆ ಹೊಡೀತಿದ್ದೀರ. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಎಲ್ಲಾ ಗಂಟು ಕಟ್ಟಿ ನನ್ನ ಕೋಣೇಲಿಟ್ಟು ಬೀಗ ಹಾಕ್ಕೊಂಡು ಹೋದೆ. ಒಂದೆಳೆನೂ ಹೋಗಿಲ್ಲ, ನೋಡ್ಕೊಳ್ಳಿ."

ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ ಬೀದಿಯ ತುದಿಯ ಬೂರುಗದ ಮರ ನೋಡಿದರು. ಅದು ಟಪ್ ಎಂದು ಇನ್ನೊಂದು ಕಾಯಿ ಬಿರಿದು, ಇನ್ನೊಂದಿಷ್ಟು ಬಿಳಿ ಎಳೆಗಳನ್ನು ಗಾಳಿಗೆ ಬಿಟ್ಟಿತು.

"ಅಂದ್ರೆ ನಾನು ಮಧ್ಯಾಹ್ನವೆಲ್ಲ ಹಿಡಿದದ್ದು ಮರದ ಹತ್ತೀನಾ!" ಎಂದು ಚಿಕ್ಕಮ್ಮ ಜರಡಿಯನ್ನು ನೆಲಕ್ಕೆ ಕುಕ್ಕಿದರು. ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗು ಮುಗಿದ ಮೇಲೆ ಗಂಟಿನ ಕಡೆ ಬೆರಳು ತೋರಿಸಿದಳು. "ದಿಂಬು ಕೇಳಿದ್ರಿ, ಕೊಟ್ಟಿದ್ದೀನಿ. ಇರೋ ಒಂದು ತಲೆಗೆ ಇದೂ ಯಾಕೆ? ಈ ಗಂಟು ತೆಗೆದು ಹಾಕಿ. ಈ ಸಲನಾದ್ರೂ ಅರ್ಥ ಆಯ್ತಾ?"

"ಆಯ್ತು ಕಣೇ. ತೆಗೆದು ಹಾಕ್ತೀನಿ" ಎಂದ ಜೋಂಪಣ್ಣ. ಹೇಳುವಾಗ ಅವನ ಮನಸ್ಸಿನಲ್ಲಿದ್ದದ್ದು ಮೇಷ್ಟ್ರು ಹೇಳಿಕೊಟ್ಟ ಅರ್ಥ.

ಗಂಟನ್ನೂ ಉಬ್ಬಿದ ದಿಂಬನ್ನೂ ಕಂಕುಳಲ್ಲಿ ಇರುಕಿಕೊಂಡು ಕಳ್ಳಹೆಜ್ಜೆಯಲ್ಲಿ ಮಹಡಿ ಹತ್ತಿದ. ಹೊತ್ತು ಮುಳುಗುತ್ತಿತ್ತು. ನೆಲ ಇನ್ನೂ ಬೆಚ್ಚಗಿತ್ತು. ಉಪಾಯ ಸುಲಭದ್ದೇ. ಮರದ ಹತ್ತಿ ಹೊರಗೆ, ತನ್ನ ಹತ್ತಿ ಒಳಗೆ. ಯಾರಿಗೂ ಗೊತ್ತಾಗುವುದಿಲ್ಲ. ವಕ್ರ ಹೊಲಿಗೆಯನ್ನು ಒಂದೇ ಎಳೆತಕ್ಕೆ ಬಿಚ್ಚಿ, ಬೂರುಗದ ಹತ್ತಿಯನ್ನೆಲ್ಲ ಗೋಡೆಯಿಂದಾಚೆ ಕೊಡವಿದ. "ಹೋಗಿ, ನಿಮ್ಮ ಮರಕ್ಕೆ ಹೋಗಿ!" ಅದು ಸಂಜೆಯ ಬೆಳಕಿನಲ್ಲಿ ಹೊನ್ನಿನ ಬಣ್ಣ ತಿರುಗಿ ತೇಲುತ್ತ ಹೋಯಿತು. ನೋಡಲು ಬಹಳ ಚೆಂದವಿತ್ತು.

ಆಮೇಲೆ ಗಂಟು ಬಿಚ್ಚಿದ. ಅದೇ ವಾಸನೆ! ಇಡೀ ದಿನದ ಆಯಾಸ ಒಟ್ಟಿಗೆ ಮೈಮೇಲೆ ಬಂತು. ಹೊಲಿಯುವ ಮೊದಲು ಒಂದೇ ಒಂದು ಸಲ ಎಂದು ತನ್ನ ಹಳೇ ಹತ್ತಿಯ ಮೇಲೆ ತಲೆ ಇಟ್ಟ. ತಲೆ ಮೆಲ್ಲಗೆ ಕೆಳಗಿಳಿಯಿತು, ಎಲ್ಲಿಯವರೆಗೆ ಇಳಿಯಬೇಕೋ ಅಲ್ಲಿಯವರೆಗೇ. ಬಟ್ಟೆಗಳು ತಂತಿಯ ಮೇಲೆ ಉಸಿರು ಎಳೆದುಕೊಂಡು ಬಿಟ್ಟವು. ಗ್ರಂಥಾಲಯದ ಬಾಗಿಲು ತೆರೆಯಿತು. ಮೋಡಗಳು ಇಳಿದು ಬಂದವು.

ಎಚ್ಚರವಾದದ್ದು ಕೆನ್ನೆಗೆ ತಣ್ಣನೆಯ ನೆಲ ತಾಗಿದಾಗ. ದುಪ್ಪಟಿಯ ತುದಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ. ಕೊನೆಯ ಎಳೆಗಳು ಗೋಡೆ ದಾಟಿ, ಮೇಷ್ಟ್ರ ಮಹಡಿ ದಾಟಿ, ಬೀದಿಯ ಮೇಲೆ ತೇಲುತ್ತಿದ್ದವು.

"ಅಯ್ಯೋ, ನನ್ನ ಹತ್ತಿ! ಹಿಡೀರೋ! ಇದು ನಿಜವಾಗ್ಲೂ ನಂದು!"

ಎದುರು ಬಾಲ್ಕನಿಯಲ್ಲಿ ಚಿಕ್ಕಮ್ಮ ಒಮ್ಮೆ ಆಕಾಶ ನೋಡಿ, "ಸಾಕು ಸುಮ್ನಿರಪ್ಪ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇಸ್ತ್ರಿಯವನು ಲಾಯರ್ ಕೋಟನ್ನು ಒಳಗಿಟ್ಟು ಅಂಗಡಿಯ ಬಾಗಿಲೆಳೆದ. ಪಕ್ಕದ ಅಂಗಳದಲ್ಲಿ ಹೊಸ ದಿಂಬಿಗೆ ಒರಗಿ ಕಾಲು ಚಾಚಿದ್ದ ಮೇಷ್ಟ್ರು ಕಣ್ಣನ್ನೂ ತೆಗೆಯಲಿಲ್ಲ. "ಅದು ಮರದ್ದು ಕಣಯ್ಯ! ಒಂದೇ ದಿನ ಎರಡು ಸಲ ಮೋಸ ಹೋಗೋಕೆ ನಾವೇನು ದಡ್ಡರಾ? ಹೋಗು, ಮಲಗು."

ಜೋಂಪಣ್ಣ ಖಾಲಿ ಚೀಲ ಹಿಡಿದು ಗೋಡೆಯ ಹತ್ತಿರ ನಿಂತ. ಕತ್ತಲಾಗುತ್ತಿತ್ತು. ಯಾವುದು ಮರದ್ದು, ಯಾವುದು ತನ್ನದು ಎಂದು ಈಗ ಅವನಿಗೂ ಗೊತ್ತಾಗುತ್ತಿರಲಿಲ್ಲ.

ಕೆಳಗಿನಿಂದ ಹೆಂಡತಿ ಕೂಗಿದಳು. "ರೀ, ತೆಗೆದು ಹಾಕಿದ್ರಾ?"

"ಹೂಂ ಕಣೇ" ಎಂದ ಜೋಂಪಣ್ಣ. "ತೆಗೆದು ಹಾಕಿದೆ."